ಪತ್ರಿಕೆ ಮಾರುವ ಹುಡುಗರ ಪಡೆ: ಒಂದು ಅಮೆರಿಕನ್ ಚಿತ್ರಕಥೆಯಲ್ಲಿ ವೀರ–ರೌದ್ರ ವಿಚಾರ

೧

ವೀರಕ್ಕೆ ಉತ್ಸಾಹವು ಸ್ಥಾಯಿ, ರೌದ್ರಕ್ಕೆ ಕ್ರೋಧವು ಸ್ಥಾಯಿ ಎಂಬುದು ಭರತಮುನಿಯಿಂದ ಮೊದಲುಗೊಂಡು ನಮ್ಮ ಆಲಂಕಾರಿಕರು ಒಪ್ಪಿದ ಮಾತು. ಎರಡರಲ್ಲಿಯೂ ಕಾಳಗವುಂಟು, ಏಟುಪೆಟ್ಟುಗಳುಂಟು. ಹೊರಗಣ್ಣಿಗೆ ಒಂದಕ್ಕೂ ಇನ್ನೊಂದಕ್ಕೂ ಭೇದವೇ ಕಾಣದೆ ಹೋಗುವುದೂ ಉಂಟು. ಎತ್ತಿದ ತೋಳನ್ನು ನೋಡಿ ಭೇದವನ್ನು ಹೇಳಲಾಗದು. ಅದನ್ನು ಎತ್ತಿಸಿದ ಭಾವವನ್ನು ಅರಿತು ಹೇಳಬೇಕು. ಈ ಹಳೆಯ ವಿವೇಕವು ನಮ್ಮ ಕಾವ್ಯನಾಟಕಗಳಿಗೆ ಮಾತ್ರವೇ ಸಲ್ಲತಕ್ಕುದೊ, ಅಥವಾ ಬೇರೊಂದು ಖಂಡದಲ್ಲಿ, ಅಗ್ಗದ ಕಾಗದದ ಮೇಲೆ ಹುಡುಗರಿಗಾಗಿ ಅಚ್ಚಾದ ಬರಹಕ್ಕೂ ಒರೆಗಲ್ಲಾಗಬಲ್ಲುದೊ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಪರೀಕ್ಷೆಗೆ ಆರಿಸಿಕೊಂಡಿರುವುದು ‘ನ್ಯೂಸ್‌ಬಾಯ್ ಲೀಜನ್’, ಎಂದರೆ ಪತ್ರಿಕೆ ಮಾರುವ ಹುಡುಗರ ಪಡೆ, ಎಂಬ ಚಿತ್ರಕಥಾಮಾಲೆ. ಇದು ‘ಸ್ಟಾರ್ ಸ್ಪ್ಯಾಂಗಲ್ಡ್ ಕಾಮಿಕ್ಸ್’ ಎಂಬ ಅಮೆರಿಕನ್ ಪತ್ರಿಕೆಯ ೭ನೆಯ ಸಂಚಿಕೆಯಲ್ಲಿ, ೧೯೪೨ರ ಏಪ್ರಿಲ್ ತಿಂಗಳ ಹೆಸರಿನಲ್ಲಿ, ಮೊದಲು ಪ್ರಕಟವಾಯಿತು; ೧೯೪೭ರ ಜನವರಿಯ ೬೪ನೆಯ ಸಂಚಿಕೆಯವರೆಗೆ ನಡೆಯಿತು. ಕರ್ತೃಗಳು ಇಬ್ಬರು: ಜೋ ಸೈಮನ್ (೧೯೧೩–೨೦೧೧) ಮತ್ತು ಜ್ಯಾಕ್ ಕರ್ಬಿ (೧೯೧೭–೧೯೯೪). ಇವರು ಹಿಂದಿನ ವರ್ಷವೇ ‘ಕ್ಯಾಪ್ಟನ್ ಅಮೆರಿಕ’ನನ್ನು ಸೃಷ್ಟಿಸಿ ಪ್ರಸಿದ್ಧರಾಗಿದ್ದರು. ೧೯೪೩ರಲ್ಲಿ ಕರ್ಬಿಯು ಸೈನ್ಯಕ್ಕೆ ಸೇರಬೇಕಾಗಿ ಬಂದ ಮೇಲೆ ಮಾಲೆಯನ್ನು ಅನ್ಯರ ಕೈಗಳು ಮುಂದುವರಿಸಿದುವು. ನಮ್ಮ ವಿಚಾರಕ್ಕೆ ಆಧಾರವಾಗಿರುವುದು ಮುಖ್ಯವಾಗಿ ಮೊದಲನೆಯ ಕಥೆ. ಮಾಲೆಯ ಸತ್ತ್ವವೂ ದೋಷವೂ ಅದರಲ್ಲಿಯೇ ಬೀಜರೂಪವಾಗಿ ಅಡಗಿವೆ.

ಇಂತಹ ಬರಹವನ್ನು ಉಪಾಧ್ಯಾಯವರ್ಗವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕಂಡಿದೆ: ಕೆಲವರಿಗೆ ಇದು ವಿಷ, ಕೆಲವರಿಗೆ ಕಸ. ಎರಡೂ ಬಹುಮಟ್ಟಿಗೆ ಓದುವುದಕ್ಕೆ ಮುಂಚೆಯೇ ಕೊಟ್ಟ ತೀರ್ಪುಗಳು. ಹುಡುಗರು ಮನಸ್ಸಿಟ್ಟು ಓದಿದುದನ್ನು ಹಿರಿಯರು ಒಮ್ಮೆಯಾದರೂ ಮನಸ್ಸಿಟ್ಟು ಓದಿ ತೀರ್ಪು ಹೇಳುವುದು ನ್ಯಾಯವೆಂದು ತೋರುತ್ತದೆ.

೨

ಕಥಾವಸ್ತು ಸರಳವಾದುದು. ಒಂದು ಮಹಾನಗರದಲ್ಲಿ ‘ಸೂಯಿಸೈಡ್ ಸ್ಲಮ್’, ಅಂದರೆ ಆತ್ಮಹತ್ಯೆಯ ಕೇರಿ, ಎಂಬ ಭೀಕರನಾಮದ ಕೊಳೆಗೇರಿಯುಂಟು. ಅಲ್ಲಿ ಗಸ್ತು ತಿರುಗುವ ತರುಣ ಪೋಲೀಸಿನವನು ಜಿಮ್ ಹಾರ್ಪರ್. ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಒಂದು ರಾತ್ರಿ ಪುಂಡರ ಗುಂಪೊಂದು ಅವನ ಮೇಲೆ ಬಿದ್ದು ಚೆನ್ನಾಗಿ ಹೊಡೆಯುತ್ತದೆ. ಹಾರ್ಪರನು ವೇಷಭೂಷಣಗಳ ಅಂಗಡಿಯೊಂದನ್ನು ಹೊಕ್ಕು, ನೀಲಿಯ ಉಡುಪನ್ನೂ ಹೊಂಬಣ್ಣದ ಶಿರಸ್ತ್ರಾಣವನ್ನೂ ಗುರಾಣಿಯನ್ನೂ ತೊಟ್ಟು, ತನ್ನನ್ನು ಹೊಡೆದವರನ್ನು ಹುಡುಕಿಕೊಂಡು ಹೋಗಿ ಸದೆಬಡಿಯುತ್ತಾನೆ. ಆ ವೇಷದಲ್ಲಿ ಅವನಿಗೆ ‘ಗಾರ್ಡಿಯನ್’ ಎಂದು ಹೆಸರು. ಅವನಿಗೆ ಹಾರುವ ಶಕ್ತಿಯಿಲ್ಲ, ಗುಂಡು ತಾಗದ ಮೈಯಿಲ್ಲ. ಇರುವುದು ಎರಡು ಕೈಗಳೂ ಪೋಲೀಸು ಬಿಲ್ಲೆಯ ಆಕಾರದ ಆ ಗುರಾಣಿಯೂ ಮಾತ್ರ.

ಅದೇ ಕೇರಿಯಲ್ಲಿ ನಾಲ್ವರು ತಬ್ಬಲಿ ಹುಡುಗರಿದ್ದಾರೆ. ಟಾಮಿ ಅವರ ನಾಯಕ. ಬಿಗ್ ವರ್ಡ್ಸ್ ಕನ್ನಡಕ ತೊಟ್ಟ ಪಂಡಿತ. ವಿಜ್ಞಾನ ಬಲ್ಲವನು, ಬಾಯಿ ತೆರೆದರೆ ದೊಡ್ಡ ದೊಡ್ಡ ಪದಗಳು. ಗ್ಯಾಬಿ ಎಡೆಬಿಡದ ವಾಚಾಳಿ. ಸ್ಕ್ರ್ಯಾಪರ್ ಮುಷ್ಟಿಯನ್ನು ಮೊದಲು ಎತ್ತಿ ಕಾರಣವನ್ನು ಅನಂತರ ಯೋಚಿಸುವವನು. ಪತ್ರಿಕೆ ಮಾರಿ ಬದುಕುವ ಇವರು ಸಣ್ಣಪುಟ್ಟ ಅಪರಾಧಗಳ ದಾರಿಯಲ್ಲಿ ಸಿಕ್ಕಿಬಿದ್ದು ನ್ಯಾಯಸ್ಥಾನದ ಮುಂದೆ ನಿಲ್ಲುತ್ತಾರೆ. ನ್ಯಾಯಾಧೀಶನು ಅವರನ್ನು ಬಾಲಾಪರಾಧಿಗಳ ಸುಧಾರಣಾಲಯಕ್ಕೆ ಕಳುಹಿಸುವುದರಲ್ಲಿದ್ದಾಗ ಹಾರ್ಪರನು ಅಡ್ಡಬಂದು, ಇವರ ಹೊಣೆ ನನಗಿರಲಿ ಎಂದು ಬೇಡಿಕೊಳ್ಳುತ್ತಾನೆ. ನ್ಯಾಯಸ್ಥಾನವು ಒಪ್ಪುತ್ತದೆ. ಅಂದಿನಿಂದ ಅವನು ಕಾನೂನಿನ ಪ್ರಕಾರ ಅವರಿಗೆ ಪೋಷಕ. ಮುಂದೆ ಕಥೆ ಕಥೆಯಲ್ಲಿಯೂ ಹುಡುಗರು ಕೇರಿಯ ಯಾವುದಾದರೊಂದು ದುಷ್ಟಕೂಟವನ್ನು ಎದುರಿಸುವುದು, ಅಪಾಯಕ್ಕೆ ಸಿಕ್ಕುವುದು, ಗಾರ್ಡಿಯನ್ ಬಂದು ಸೇರುವುದು, ಹಾರ್ಪರನೇ ಗಾರ್ಡಿಯನ್ ಎಂದು ಸಾಧಿಸಹೊರಟು ಹುಡುಗರು ಸೋಲುವುದು – ಇದು ಕ್ರಮ.

೩

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವಿಷ್ಟು: ಒಂದೇ ಕಥೆಯಲ್ಲಿ ನಾಯಕನು ಎರಡು ಸಲ ಹುಟ್ಟುತ್ತಾನೆ. ‘ಗಾರ್ಡಿಯನ್’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಕಾವಲಿನವನು ಎಂದೂ ಅರ್ಥವುಂಟು, ತಾಯಿತಂದೆಗಳಿಲ್ಲದ ಮಗುವಿನ ಪೋಷಕನು ಎಂದೂ ಅರ್ಥವುಂಟು. ಎರಡನೆಯ ಅರ್ಥವನ್ನು ನಮ್ಮ ಉಪಾಧ್ಯಾಯರಿಗೆ ವಿವರಿಸಬೇಕಾದುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ‘ಗಾರ್ಡಿಯನ್ ಯಾರು?’ ಎಂದು ಕನ್ನಡದಲ್ಲಿಯೇ ಕೇಳುವವರು ಅವರು. ಕಥೆಯ ಜೀವವು ಈ ಶ್ಲೇಷದಲ್ಲಿದೆ. ಮೊದಲನೆಯ ಗಾರ್ಡಿಯನ್ ಹುಟ್ಟಿದುದು ವೇಷದಂಗಡಿಯಲ್ಲಿ, ಕತ್ತಲೆಯಲ್ಲಿ, ಏಟು ತಿಂದ ಮೈಯ ಉರಿಯಿಂದ. ಎರಡನೆಯ ಗಾರ್ಡಿಯನ್ ಹುಟ್ಟಿದುದು ನ್ಯಾಯಸ್ಥಾನದಲ್ಲಿ, ಹಗಲಿನಲ್ಲಿ, ಪರರ ಮಕ್ಕಳ ಮೇಲಣ ಕನಿಕರದಿಂದ.

ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದರ ಸ್ಥಾಯಿ ಕ್ರೋಧ. ತನಗಾದ ಅವಮಾನ, ತನ್ನ ಮೈಮೇಲಣ ಗಾಯ, ತನ್ನ ಸೇಡು; ಅಲ್ಲಿ ಆಲಂಬನ ವಿಭಾವವಾಗಿರುವವರು ತನ್ನನ್ನು ಹೊಡೆದವರೇ. ಆತನು ಸಜ್ಜನನಾದುದರಿಂದ ಓದುಗರ ಒಲವು ಅವನ ಕಡೆಗೇ ಇರುತ್ತದೆ; ಆದರೆ ಒಲವಿದ್ದ ಮಾತ್ರಕ್ಕೆ ರೌದ್ರವು ವೀರವಾಗಲಾರದು. ಎರಡನೆಯದರಲ್ಲಿ ಯುದ್ಧವಿಲ್ಲದಿದ್ದರೂ ಉತ್ಸಾಹವುಂಟು. ಸಾಹಿತ್ಯದರ್ಪಣಕಾರನು ವೀರವನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ನ್ಯಾಯಾಧೀಶನೆದುರಿಗೆ ನಿಂತು, ಸಮಾಜವು ಕೈಬಿಟ್ಟ ನಾಲ್ಕು ಮಕ್ಕಳ ನಡತೆಗೆ ತನ್ನ ಮಾತನ್ನೇ ಒತ್ತೆಯಿಡುವ ಹಾರ್ಪರನು ದಯಾವೀರನು. ಆ ಮಕ್ಕಳು ನಾಳೆ ಮತ್ತೆ ಕದ್ದರೆ ಕೆಡುವುದು ಅವನ ಹೆಸರು. ಪುಂಡರನ್ನು ಹೊಡೆದಾಗ ಅವನು ಇಟ್ಟ ಪಣಕ್ಕಿಂತ ಇದು ಹಿರಿದಾದುದು.

ನಾಲ್ವರು ಹುಡುಗರು ಮೊದಲಿಗೆ ಏನಾಗಿದ್ದರು? ನಿಷ್ಪಕ್ಷಪಾತವಾಗಿ ನೋಡಿದರೆ ಅವರೂ ಒಂದು ಗುಂಪೇ. ನಾಯಕನೊಬ್ಬ, ಹೊಡೆದಾಡುವವನೊಬ್ಬ, ಉಪಾಯಗಾರನೊಬ್ಬ, ಮಾತಿನಮಲ್ಲನೊಬ್ಬ. ಹಾರ್ಪರನನ್ನು ಹೊಡೆದ ಪುಂಡರೂ ಹತ್ತು ವರ್ಷಗಳ ಹಿಂದೆ ಇಂತಹ ಹುಡುಗರೇ ಆಗಿದ್ದಿರಬೇಕು. ಆದಕಾರಣ ಕಥೆಯು ಎದುರಿಸುವ ನಿಜವಾದ ಪ್ರಶ್ನೆ, ಹುಡುಗರು ದುಷ್ಟರ ಗುಂಪನ್ನು ಹೇಗೆ ಗೆದ್ದರೆಂಬುದಕ್ಕಿಂತ, ಹುಡುಗರ ಗುಂಪು ದುಷ್ಟರ ಗುಂಪಾಗದೆ ‘ಪಡೆ’ಯಾದುದು ಹೇಗೆ ಎಂಬುದು. ಉತ್ತರವನ್ನು ಕಥೆಯೇ ಹೇಳುತ್ತದೆ: ಅವರಿಗಾಗಿ ಒಬ್ಬನು ಹೊಣೆ ನಿಂತನು. ಮಾಲೆಯ ಸಾರಸರ್ವಸ್ವವೂ ಇಷ್ಟೆಂದು ನಮ್ಮ ಅಭಿಪ್ರಾಯ.

೪

ಈ ಒಳನೋಟವು ಎಲ್ಲಿಂದ ಬಂದಿತೆಂಬುದನ್ನು ಕರ್ಬಿಯ ಬಾಲ್ಯವು ಸ್ವಲ್ಪಮಟ್ಟಿಗೆ ತಿಳಿಸುತ್ತದೆ. ಜೇಕಬ್ ಕುರ್ಟ್ಸ್‌ಬರ್ಗ್ ಎಂಬುದು ಅವನ ಹುಟ್ಟುಹೆಸರು. ಯೂರೋಪಿನಿಂದ ವಲಸೆ ಬಂದ ಯೆಹೂದ್ಯ ಕುಟುಂಬ. ತಂದೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸದವನು. ಮನೆ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಬಡವರ ಭಾಗದಲ್ಲಿ. ಒಂದು ಬೀದಿಯ ಹುಡುಗರು ಇನ್ನೊಂದು ಬೀದಿಯವರೊಡನೆ ಕಾದಾಡುವುದು ಅಲ್ಲಿ ನಿತ್ಯದ ಮಾತಾಗಿದ್ದಿತು. ಕರ್ಬಿಯು ಆ ಕಾಳಗಗಳಲ್ಲಿ ತಾನೂ ಬಿದ್ದು ಎದ್ದವನು. ಅವನ ಪ್ರತಿಭೆಗೆ ಮೊದಲ ಆಶ್ರಯ ದೊರೆತುದು ಪೂರ್ವ ೩ನೆಯ ಬೀದಿಯಲ್ಲಿದ್ದ ‘ಬಾಯ್ಸ್ ಬ್ರದರ್‌ಹುಡ್ ರಿಪಬ್ಲಿಕ್’ ಎಂಬ ಸಂಸ್ಥೆಯಲ್ಲಿ. ಅದೊಂದು ಪುಟ್ಟ ನಗರರಾಜ್ಯ. ಬೀದಿಯ ಹುಡುಗರೇ ಅಲ್ಲಿ ತಮ್ಮನ್ನು ತಾವು ಆಳಿಕೊಳ್ಳುತ್ತಿದ್ದರು. ಅವರು ಹೊರಡಿಸುತ್ತಿದ್ದ ಪತ್ರಿಕೆಗೆ ಕರ್ಬಿಯು ವ್ಯಂಗ್ಯಚಿತ್ರಗಳನ್ನು ಬರೆದನು. ಬೀದಿಯ ಹುಡುಗರು, ಅವರ ಕೈಯಲ್ಲೊಂದು ಪತ್ರಿಕೆ, ಅವರ ಮೇಲೊಂದು ಹೊಣೆ – ಮುಂದಿನ ಚಿತ್ರಕಥೆಯ ಸಾಮಗ್ರಿ ಇಲ್ಲಿಯೇ ಸಿದ್ಧವಾಗಿದ್ದಂತೆ ಕಾಣುತ್ತದೆ.

ವಿದ್ವಾಂಸರೂ ಅದೇ ಕಾಲದಲ್ಲಿ ಇದೇ ವಿಷಯವನ್ನು ವಿಚಾರಿಸುತ್ತಿದ್ದರು. ಫ್ರೆಡರಿಕ್ ಥ್ರ್ಯಾಶರ್ ಎಂಬ ಸಮಾಜಶಾಸ್ತ್ರಜ್ಞನು ಶಿಕಾಗೋ ನಗರದ ೧,೩೧೩ ಗುಂಪುಗಳನ್ನು ಕುರಿತು ತನ್ನ ಗ್ರಂಥವನ್ನು ೧೯೨೭ರಲ್ಲಿ ಪ್ರಕಟಿಸಿದನು. ಅವನ ಸಿದ್ಧಾಂತದ ತಿರುಳೇನೆಂದರೆ, ಗುಂಪು ಹುಟ್ಟುವುದು ಹುಡುಗರ ಆಟದಿಂದ. ಅದನ್ನು ಬಿಗಿಗೊಳಿಸುವುದು ಹೊರಗಿನವರೊಡನೆ ನಡೆಯುವ ಘರ್ಷಣೆ. ಮನೆ, ಶಾಲೆ, ದೇವಾಲಯಗಳ ಹಿಡಿತ ಸಡಿಲಿದ ನಗರಭಾಗಗಳಲ್ಲಿ ಅದು ಬೇರೂರುತ್ತದೆ. ಎಂದರೆ ಹುಡುಗರು ಗುಂಪುಗೂಡುವುದು ಸ್ವತಃ ದೋಷವಲ್ಲ. ಆ ಶಕ್ತಿಗೆ ಹಿರಿಯರು ದಾರಿ ತೋರಿಸದಿರುವುದು ದೋಷ.

ರಂಗಭೂಮಿಯೂ ಚಲಚ್ಚಿತ್ರವೂ ದಾರಿಯನ್ನು ಹದಮಾಡಿದ್ದುವು. ಸಿಡ್ನಿ ಕಿಂಗ್ಸ್‌ಲಿಯ ‘ಡೆಡ್ ಎಂಡ್’ ನಾಟಕವು ೧೯೩೫ರಲ್ಲಿಯೂ, ಅದರ ಚಲಚ್ಚಿತ್ರವು ೧೯೩೭ರಲ್ಲಿಯೂ ಕೊಳೆಗೇರಿಯ ಹುಡುಗರನ್ನು ಜನರ ಕಣ್ಣೆದುರಿಗೆ ತಂದುವು. ೧೯೩೮ರ ‘ಏಂಜೆಲ್ಸ್ ವಿತ್ ಡರ್ಟಿ ಫೇಸಸ್’ ಚಿತ್ರದಲ್ಲಿ ಕೇರಿಯ ಹುಡುಗರಿಗೆ ಕೊಲೆಗಡುಕನೇ ಆದರ್ಶ. ಪಾದ್ರಿಯಾದ ಅವನ ಬಾಲ್ಯಮಿತ್ರನು, ನೀನು ಹೇಡಿಯಂತೆ ಅಳುತ್ತ ಮರಣದಂಡನೆಗೆ ನಡೆ, ಹುಡುಗರ ಭ್ರಮೆ ಹರಿಯಲಿ ಎಂದು ಅವನನ್ನು ಬೇಡುತ್ತಾನೆ. ಆ ಚಿತ್ರವು ಹುಸಿವೀರನನ್ನು ಒಡೆದು ಹುಡುಗರನ್ನು ಉಳಿಸಬಯಸಿತು. ಸೈಮನ್–ಕರ್ಬಿಯರು ದಿಟವಾದ ವೀರನೊಬ್ಬನನ್ನು ನಿಲ್ಲಿಸಿ ಉಳಿಸಬಯಸಿದರು. ಚಲಚ್ಚಿತ್ರದ ವಿಷಾದವು ಇವರಲ್ಲಿಲ್ಲ. ಇವರ ಭರವಸೆಯು ಅದರಲ್ಲಿಲ್ಲ.

೫

ನಿರೂಪಣೆಯ ಗುಣವನ್ನು ಸಂಕ್ಷೇಪವಾಗಿ ಹೇಳಬಹುದು. ಕರ್ಬಿಯ ರೇಖೆಗೆ ಚಲನೆಯೇ ಪ್ರಾಣ. ಹೊಡೆದಾಟದ ಚಿತ್ರಗಳಲ್ಲಿ ಕೈಕಾಲುಗಳು ಚೌಕಟ್ಟಿನ ಗೆರೆಯನ್ನು ದಾಟಿ ಹೊರಚಾಚುತ್ತವೆ. ಇಡೀ ಪುಟದ ಆರಂಭಚಿತ್ರವು ಕಥೆಯ ವೇಗವನ್ನು ಮೊದಲೇ ಸೂಚಿಸುತ್ತದೆ. ಉದ್ದೀಪನ ವಿಭಾವಗಳನ್ನು ವರ್ಣನೆಯ ಮಾತುಗಳಿಲ್ಲದೆ ಕಣ್ಣಿಗೇ ಒದಗಿಸುವುದು ಈ ಮಾಧ್ಯಮದ ವಿಶೇಷ.

ಮಾತಿನಲ್ಲಿಯೂ ಒಂದು ಚಮತ್ಕಾರವುಂಟು. ಬಿಗ್ ವರ್ಡ್ಸ್‌ನ ಬಾಯಲ್ಲಿ ಲ್ಯಾಟಿನ್ ಮೂಲದ ಪಂಡಿತಪದಗಳು, ಸ್ಕ್ರ್ಯಾಪರನ ಬಾಯಲ್ಲಿ ಬೀದಿಯ ಮುರುಕುಮಾತು. ಒಂದೇ ಅಪಾಯವನ್ನು ಇಬ್ಬರೂ ತಂತಮ್ಮ ಭಾಷೆಯಲ್ಲಿ ಹೇಳುವಾಗ ಹುಟ್ಟುವ ಹಾಸ್ಯವು, ಸಂಸ್ಕೃತಭೂಯಿಷ್ಠವಾದ ನುಡಿಯನ್ನೂ ತಿರುಳ್ಗನ್ನಡವನ್ನೂ ಒಂದೇ ಉಸಿರಿನಲ್ಲಿ ಕೇಳಬಲ್ಲ ನಮಗೆ ಅಪರಿಚಿತವಲ್ಲ. ಇಲ್ಲಿ ಈ ಹಾಸ್ಯವು ಸಾರ್ಥಕವೂ ಹೌದು. ಪಾಂಡಿತ್ಯದ ನುಡಿ ಮೇಲಿನವರ ಸ್ವತ್ತು ಎಂಬ ಭಾವನೆಯನ್ನು ಪತ್ರಿಕೆ ಮಾರುವ ತಬ್ಬಲಿಯೊಬ್ಬನು ನಗುನಗುತ್ತ ಅಳಿಸಿಬಿಡುತ್ತಾನೆ.

೬

ಇನ್ನು ದೋಷಗಳು. ಮೊದಲನೆಯದು ಮಾಲೆಯ ಕ್ರಮದಲ್ಲಿಯೇ ಇದೆ. ನ್ಯಾಯಸ್ಥಾನದ ದೃಶ್ಯವು ಒಂದು ಸಲ ನಡೆಯುವುದು. ಹೊಡೆದಾಟವು ತಿಂಗಳು ತಿಂಗಳೂ ನಡೆಯಬೇಕು. ದಯಾವೀರವನ್ನು ಬೀಜವಾಗಿ ಬಿತ್ತಿದ ಕೃತಿಯು ರೌದ್ರದ ಬೆಳೆಯನ್ನೇ ಮತ್ತೆ ಮತ್ತೆ ಕೊಯ್ಯಬೇಕಾಯಿತು. ಹೊಣೆ ನಿಲ್ಲುವುದು ನಿಧಾನದ, ಕಣ್ಣಿಗೆ ಕಾಣದ ಕೆಲಸ. ಅದನ್ನು ಚೌಕಟ್ಟಿನ ಹೊರಗೆ ಚಾಚುವ ರೇಖೆಯಲ್ಲಿ ತೋರಿಸುವುದು ಕಷ್ಟ. ಕರ್ತೃಗಳು ಸುಲಭವಾದುದನ್ನು ಆರಿಸಿಕೊಂಡರು.

ಎರಡನೆಯದು, ರಕ್ಷಣೆಯು ನಿಶ್ಚಿತವಾಗಿರುವುದು. ಹದಿಹರೆಯದ ವೀರನೆಂದರೆ ನಮ್ಮ ಮನಸ್ಸಿಗೆ ಅಭಿಮನ್ಯುವಲ್ಲದೆ ಬೇರೆ ಯಾರು ಬರುತ್ತಾರೆ? ಹಲವರು ಕೂಡಿ ಒಬ್ಬ ಬಾಲಕನನ್ನು ಕೊಂದ ಆ ಪ್ರಸಂಗದಲ್ಲಿ ಹಿರಿಯರು ವ್ಯೂಹದ ಹೊರಗೆ ತಡೆಯಲ್ಪಟ್ಟು ಉಳಿದರು. ಅಲ್ಲಿಯ ವೀರವು ಕರುಣಕ್ಕೆ ತಿರುಗುವುದು ಆ ಕಾರಣದಿಂದ. ಈ ಚಿತ್ರಕಥೆಯಲ್ಲಿ ಹಿರಿಯನು ಎಂದೂ ವ್ಯೂಹದ ಹೊರಗೆ ಉಳಿಯುವುದಿಲ್ಲ. ತಕ್ಕ ಹೊತ್ತಿಗೆ ಬಂದೇ ಬರುತ್ತಾನೆ. ಬಾಲಸಾಹಿತ್ಯದಲ್ಲಿ ಮರಣವನ್ನು ಬೇಡುವುದು ಕ್ರೌರ್ಯವಾದೀತು. ಆದರೆ ಸೋಲಿನ ಸಂಭವವೇ ಇಲ್ಲದ ಕಡೆ ಉತ್ಸಾಹವು ಆಟವಾಗಿ ಇಳಿಯುವುದನ್ನು ಒಪ್ಪಲೇಬೇಕು.

ಮೂರನೆಯದು ಹೆಚ್ಚು ಗುರುತರವಾದುದು. ಹಾರ್ಪರನು ಪೋಲೀಸಿನವನು, ದುಷ್ಟರನ್ನು ಹಿಡಿಯುವ ಅಧಿಕಾರವು ಸರಕಾರದಿಂದಲೇ ಅವನಿಗೆ ದತ್ತವಾಗಿದೆ. ಆದರೂ ಅವನು ನ್ಯಾಯವನ್ನು ನಡೆಯಿಸಬೇಕಾದರೆ ಬಿಲ್ಲೆಯನ್ನು ತೆಗೆದಿಟ್ಟು, ಬಿಲ್ಲೆಯ ಆಕಾರದ ಗುರಾಣಿಯನ್ನು ಹಿಡಿಯಬೇಕು. ಹಗಲಿನ ಧರ್ಮಾಸನವು ಕೇರಿಯ ಕತ್ತಲೆಯನ್ನು ತಲಪಲಾರದೆಂದು ಕೃತಿಯು ತನಗರಿಯದೆಯೇ ಒಪ್ಪಿಕೊಂಡಂತಾಯಿತು. ಕೇರಿಯಂತೂ ಇದ್ದಂತೆಯೇ ಇರುತ್ತದೆ. ಲೋವರ್ ಈಸ್ಟ್ ಸೈಡಿನಲ್ಲಿಯೇ ನ್ಯೂಯಾರ್ಕ್ ನಗರವು ತನ್ನ ಮೊದಲ ಸಾರ್ವಜನಿಕ ವಸತಿಗೃಹಗಳನ್ನು ೧೯೩೫ರಲ್ಲಿ ತೆರೆದಿದ್ದಿತು. ಗೂಂಡಾಗಳನ್ನು ಹುಟ್ಟಿಸುವ ಗೋಡೆಗಳನ್ನು ಕೆಡವಲು ಮುಷ್ಟಿಗಿಂತ ಬೇರೆ ಸಾಧನಗಳುಂಟೆಂಬುದು ಕರ್ತೃಗಳ ಕಾಲಕ್ಕೆ ತಿಳಿಯದ ಸಂಗತಿಯಾಗಿರಲಿಲ್ಲ.

ನಾಲ್ಕನೆಯದಾಗಿ, ಈ ಪಡೆಯಲ್ಲಿ ಕರಿಯ ಹುಡುಗನೊಬ್ಬನೂ ಇಲ್ಲ. ಇದೇ ಕರ್ತೃಗಳ ಕೈಯಿಂದ ೧೯೪೧ರಲ್ಲಿ ಹೊರಟ ‘ಯಂಗ್ ಅಲೈಸ್’ ಎಂಬ ಬಾಲವೀರರ ಕಥೆಯಲ್ಲಿ ಅಂತಹ ಹುಡುಗನಿದ್ದನು. ಆದರೆ ಅವನು ಜನಾಂಗವನ್ನೇ ಹಳಿಯುವ ವಿಕಾರಚಿತ್ರವಾಗಿದ್ದನು. ಆ ತಪ್ಪು ಇಲ್ಲಿ ಮರುಕಳಿಸದಿರುವುದು ಸಮಾಧಾನ. ಅದನ್ನು ತಿದ್ದುವ ಯತ್ನವೂ ಇಲ್ಲದಿರುವುದು ಕೊರತೆ.

ಈ ದೋಷಗಳ ಅರಿವು ಕರ್ಬಿಗೇ ಕಾಲಾಂತರದಲ್ಲಿ ಉಂಟಾಗಿರಬಹುದೇ ಎಂದು ಊಹಿಸಲು ಒಂದು ಆಧಾರವುಂಟು. ಅವನು ತನ್ನ ಬಾಲ್ಯದ ಬೀದಿಜಗಳವನ್ನೇ ವಸ್ತುವಾಗಿಟ್ಟು ‘ಸ್ಟ್ರೀಟ್ ಕೋಡ್’ ಎಂಬ ಆತ್ಮಕಥನರೂಪದ ಚಿತ್ರಕಥೆಯನ್ನು ೧೯೮೩ರಲ್ಲಿ ಬರೆದನು; ಅದು ೧೯೯೦ರಲ್ಲಿ ಪ್ರಕಟವಾಯಿತು. ಅದರಲ್ಲಿ ಹುಡುಗರ ಕಾದಾಟವಿದೆ. ಶಿರಸ್ತ್ರಾಣವಿಲ್ಲ, ಗುರಾಣಿಯಿಲ್ಲ, ಬಂದು ಬಿಡಿಸುವ ರಕ್ಷಕನೂ ಇಲ್ಲ.

೭

ಕಡೆಯದಾಗಿ, ಇಂತಹ ಕಥೆಗಳನ್ನು ಓದಿದ ಹುಡುಗರು ಕೆಡುತ್ತಾರೆಯೇ ಎಂಬ ಪ್ರಶ್ನೆ. ಫ್ರೆಡರಿಕ್ ವರ್ಥಮ್ ಎಂಬ ಮನೋವೈದ್ಯನು ಕೆಡುತ್ತಾರೆಂದು ೧೯೫೪ರಲ್ಲಿ ಒಂದು ಗ್ರಂಥವನ್ನೇ ಬರೆದನು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ನಿಯಮಾವಳಿಯೊಂದನ್ನು ವಿಧಿಸಿಕೊಂಡರು. ವರ್ಥಮನು ಬಡ ಮಕ್ಕಳ ಹಿತಚಿಂತಕನೆಂಬುದರಲ್ಲಿ ಸಂದೇಹವಿಲ್ಲ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಬಡವರಿಗಾಗಿ ಚಿಕಿತ್ಸಾಲಯವನ್ನು ನಡೆಸಿದವನು ಅವನು. ಆದರೆ ಅವನ ಕಾಗದಪತ್ರಗಳನ್ನು ಪರಿಶೀಲಿಸಿದ ಕ್ಯಾರೊಲ್ ಟಿಲಿ ಎಂಬ ವಿದುಷಿಯು, ಅವನು ತನ್ನ ಸಾಕ್ಷ್ಯಗಳನ್ನು ಬೇಕಾದಂತೆ ತಿದ್ದಿ ಬಳಸಿದನೆಂದು ೨೦೧೨ರಲ್ಲಿ ತೋರಿಸಿಕೊಟ್ಟಿದ್ದಾಳೆ. ಇದಕ್ಕೂ ಮುಂಚೆ, ೧೯೪೯ರಲ್ಲಿ, ವರ್ಥಮನ ವಾದವನ್ನು ಬಲವಾಗಿ ಆಕ್ಷೇಪಿಸಿ, ಬಾಲಾಪರಾಧದ ಹೊರೆಯನ್ನು ಚಿತ್ರಕಥೆಗಳ ತಲೆಗೆ ಕಟ್ಟುವುದು ಸಲ್ಲದೆಂದು ಲೇಖನ ಬರೆದವನು ಮತ್ತಾರೂ ಅಲ್ಲ, ೧,೩೧೩ ಗುಂಪುಗಳ ಕಥೆಯನ್ನು ಹೇಳಿದ ಆ ಥ್ರ್ಯಾಶರನೇ. ಗುಂಪುಗಳನ್ನು ಅಷ್ಟು ಹತ್ತಿರದಿಂದ ಕಂಡವನು ಪುಸ್ತಕವನ್ನು ದೂರಲಿಲ್ಲವೆಂಬುದು ಮನನೀಯವಾದ ಸಂಗತಿ.

ಇದರಿಂದ ಎಲ್ಲ ಚಿತ್ರಕಥೆಗಳೂ ನಿರ್ದುಷ್ಟವೆಂದು ಹೇಳಿದಂತಾಗುವುದಿಲ್ಲ. ಉಪಾಧ್ಯಾಯನು ಕೇಳಬೇಕಾದ ಪ್ರಶ್ನೆ ಬೇರೆಯಾಗಬೇಕೆಂಬುದಿಷ್ಟೇ ನಮ್ಮ ವಿಜ್ಞಾಪನೆ. ‘ಇದರಲ್ಲಿ ಹೊಡೆದಾಟ ಎಷ್ಟಿದೆ?’ ಎಂದು ಎಣಿಸಿದರೆ ಮಹಾಭಾರತವೂ ಉಳಿಯದು. ‘ಇಲ್ಲಿ ಕೈಯೆತ್ತಿಸಿದ ಭಾವ ಯಾವುದು? ಯಾರಿಗಾಗಿ ಎತ್ತಿತು? ಹೊಡೆದ ಮೇಲೆ ಹೊಣೆ ಹೊತ್ತವರಾರು?’ ಎಂದು ಕೇಳಿದರೆ ಹುಡುಗನೂ ಉತ್ತರ ಹೇಳಬಲ್ಲನು. ಹೇಳುತ್ತ ಹೇಳುತ್ತ ಅವನಿಗೆ ರಸವಿವೇಕವೂ ಹುಟ್ಟುವುದು.

ಈ ಕಥೆಗೆ ಉತ್ತರಕಥೆಯೊಂದುಂಟು. ಕರ್ಬಿಯು ಈ ಪಡೆಯನ್ನು ೧೯೭೦ರಲ್ಲಿ ‘ಜಿಮ್ಮಿ ಓಲ್ಸನ್’ ಎಂಬ ಪತ್ರಿಕೆಯಲ್ಲಿ ಮತ್ತೆ ತಂದನು. ಈಗಿನ ಹುಡುಗರು ಹಿಂದಿನವರ ಮಕ್ಕಳು, ತಂದೆಯರ ಪಡಿಯಚ್ಚುಗಳು. ಕರಿಯ ಹುಡುಗನೊಬ್ಬನೂ ಈಗ ಅವರೊಡನೆ ಇದ್ದಾನೆ. ಹಿಂದಿನ ನಾಲ್ವರು ಬೆಳೆದು, ಜೀವಕಣಗಳನ್ನು ಕುರಿತ ಮಹಾಪ್ರಯೋಗಶಾಲೆಯೊಂದರ ಹೊಣೆ ಹೊತ್ತ ಗಣ್ಯರಾಗಿದ್ದಾರೆ. ಜಿಮ್ ಹಾರ್ಪರನು ಕೊಲೆಯಾಗಿದ್ದಾನೆ. ಅವನ ಜೀವಕಣದಿಂದಲೇ ಹೊಸ ಗಾರ್ಡಿಯನ್ ಒಬ್ಬನು ಆ ಪ್ರಯೋಗಶಾಲೆಯಲ್ಲಿ ಎದ್ದುನಿಲ್ಲುತ್ತಾನೆ. ಕಲ್ಪನೆ ಅದ್ಭುತರಸದ್ದಾದರೂ ಅರ್ಥವು ಹಳೆಯದು. ಒಂದು ದಿನ ನ್ಯಾಯಸ್ಥಾನದಲ್ಲಿ ತಮಗಾಗಿ ಮಾತು ಕೊಟ್ಟವನಿಗೆ ಆ ಮಕ್ಕಳು ಋಣ ತೀರಿಸಿದರು. ಇಪ್ಪತ್ತೆಂಟು ವರ್ಷಗಳ ಹೊಡೆದಾಟಗಳನ್ನೆಲ್ಲ ಮರೆತರೂ ಓದುಗನಿಗೆ ಈ ಎರಡು ದೃಶ್ಯಗಳು ನೆನಪಿನಲ್ಲಿ ಉಳಿದರೆ, ಅಗ್ಗದ ಕಾಗದದ ಆ ಕಥೆಯಲ್ಲಿಯೂ ವೀರವು ರೌದ್ರವನ್ನು ಗೆದ್ದಿತೆಂದೇ ಹೇಳಬೇಕು.